ಬಿಜ್ಜರಗಿಯ ಸೂಜಿ, ವಿಮಾನದ ರೆಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಿಕೋಟಾ ರಸ್ತೆಯ ಹಳೆಯ ಒಣದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ನನ್ನ ಚೀಲದ ತಪಾಸಣೆ ನಡೆದಿದೆ. ಪೆನ್ನು, ತಿಂಡಿ ಡಬ್ಬಿ, ಮಫ್ಲರು ಒಂದೊಂದೇ ಹೊರಬರುತ್ತವೆ. "ಬ್ಲೇಡು, ಕತ್ತರಿ ಏನರ ಅದ ಏನ್ರಿ?" ಎಂದು ಕೇಳುತ್ತಾರೆ ಧೀರೇಂದ್ರ. ಇವರು ವಾಯುಪಡೆಯಿಂದ ನಿವೃತ್ತರಾದ ತಂತ್ರಜ್ಞ, ಶೆಡ್ಡನ್ನು ಬಾಡಿಗೆಗೆ ಹಿಡಿದವರು. ಇಲ್ಲವೆಂದು ಗೊತ್ತಿದ್ದೂ ನಾನು ಜೇಬು ತಡವಿಕೊಳ್ಳುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

ಅನುಮಾನ ನನಗೂ ಇದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಯುದ್ಧಕಾಲದ ವಿಮಾನವೊಂದು ಮತ್ತೆ ಹಾರಲು ಸಿದ್ಧವಾಗುತ್ತಿದೆ, ಅದರ ರೆಕ್ಕೆಗೆ ಬಟ್ಟೆ ಹೊಲಿಯುವವಳು ಕೌದಿ ಹೊಲಿಯುವ ಅಜ್ಜಿ ಎಂದು ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಎಲೆಮರೆಯ ಕಾಯಿಗಳನ್ನು ಹುಡುಕಿ ಪತ್ರಿಕೆಗೆ ಬರೆಯುವುದೇ ಕಸುಬಾದ ಮೇಲೆ ನಾನು ಕಾಯಿಗಿಂತ ಮೊದಲು ಎಲೆಯನ್ನೇ ಎತ್ತಿ ನೋಡುತ್ತೇನೆ.

ವಿಮಾನವೇನೋ ನಿಜವಾಗಿಯೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ಹಾರಾಟ ಕಲಿಸಿದ ವಿಮಾನವಿದು. ಮೇಲೆರಡು, ಕೆಳಗೆರಡು ರೆಕ್ಕೆ. ಧೀರೇಂದ್ರ ಹರಾಜಿನಲ್ಲಿ ಕೊಂಡು ತಂದಾಗ ರೆಕ್ಕೆಗಳಲ್ಲಿ ಉಳಿದಿದ್ದದ್ದು ಕಟ್ಟಿಗೆಯ ಎಲುಬು ಮಾತ್ರ. ಎಂಜಿನ್ನನ್ನು ಅವರೇ ಬಿಚ್ಚಿ ಜೋಡಿಸಿದ್ದಾರೆ. ಅದು ಮೊದಲ ಸಲ ಗುಡುಗಿದ ದಿನ ಪಕ್ಕದ ದ್ರಾಕ್ಷಿ ತೋಟದವರು ಓಡಿ ಬಂದಿದ್ದರಂತೆ.

ಬಿಚ್ಚಿಟ್ಟ ರೆಕ್ಕೆಯೊಂದರ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ ಬಿಜ್ಜರಗಿಯ ಹನಮವ್ವ. ಕೈಯಲ್ಲಿ ಗೇಣುದ್ದದ ಸೂಜಿ, ಮೇಣ ಸವರಿದ ದಾರ. ಮೇಲಿನ ಬಟ್ಟೆಯಿಂದ ಚುಚ್ಚಿದ ಸೂಜಿ ರೆಕ್ಕೆಯ ಎಲುಬನ್ನು ಬಳಸಿ ಕೆಳಗಿನ ಬಟ್ಟೆಗೆ ಬರುತ್ತದೆ. ನಾಲ್ಕು ಬೆರಳಿಗೊಂದು ಗಂಟು. ಹೀಗೆ ನಾಲ್ಕೂ ರೆಕ್ಕೆ ಹೊಲಿದು ಮುಗಿಸಿದ್ದಾರೆ. "ಒಂದ ಕೈಲೆ ಹೊಲಿಬೇಕ್ರಿ. ಕೈ ಬದಲಾತಂದ್ರ ಒಂದ ಕಡೆ ಬಿಗಿ, ಒಂದ ಕಡೆ ಸಡ್ಲ. ಕೌದಿಗೂ ಅಷ್ಟ, ಇದಕ್ಕೂ ಅಷ್ಟ," ಎನ್ನುತ್ತಾರೆ.

ಚಿಕ್ಕಂದಿನಲ್ಲಿ ಅವ್ವನ ಪಕ್ಕ ಕೂತು ಕಲಿತ ಹೊಲಿಗೆ. ಹಗಲು ದ್ರಾಕ್ಷಿ ತೋಟದ ಕೂಲಿ, ಬಿಡುವಿದ್ದಾಗ ಕೌದಿ. ಬಬಲೇಶ್ವರದ ಕಡೆಯಿಂದಲೂ ಜನ ಹಳೆಯ ಸೀರೆಗಳ ಗಂಟು ಹೊತ್ತು ಬರುತ್ತಾರೆ. ಧೀರೇಂದ್ರರ ಹೆಂಡತಿ ಆನಂದೀಬಾಯಿ ಹೊಲಿಸಿಕೊಂಡ ಕೌದಿಯನ್ನು ಗಂಡ ಹೊದೆಯುವ ಬದಲು ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದ್ದೇ ಈ ಕೆಲಸಕ್ಕೆ ಕಾರಣ. ಬಟ್ಟೆ ಬಿಗಿಯಲು ಬಳಿಯುವ ಬಣ್ಣದ ವಾಸನೆಗೆ ಹನಮವ್ವನ ತಲೆ ಸಿಡಿಯುತ್ತದೆ. ಊರಿನವರ ಚೇಷ್ಟೆ ಬೇರೆ. "ವಿಮಾನಕ್ಕ ಥಂಡಿ ಹತ್ತೈತೇನ್ ಬೇ, ಕೌದಿ ಹೊಚ್ಚಾಕತ್ತಿ ಅಂತಾರ್ರಿ," ಎಂದು ತಾವೇ ನಗುತ್ತಾರೆ.

ಆದರೆ ಇಂದು ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಳಗಿನ ಎಡ ರೆಕ್ಕೆಯ ತುದಿಯಲ್ಲಿ ಬಟ್ಟೆ ಮತ್ತೆ ಹರಿದಿದೆ. ಹನಮವ್ವ ತೇಪೆ ಹಾಕುತ್ತಾರೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ತೂತು. ಮುಂದಿನ ವಾರ ಹಾರಾಟಕ್ಕೆ ಪರವಾನಗಿ ಕೊಡುವವರು ನೋಡಲು ಬರುತ್ತಾರೆ.

"ಇಲಿ ಅನ್ಲಿಕ್ಕೆ ಶೆಡ್ಡಿನಾಗ ಒಂದ ದ್ರಾಕ್ಷಿ ಇಲ್ಲ. ಇಲಿ ಆಗಿದ್ರ ನಾಕೂ ರೆಕ್ಕಿ ಕಡೀತಿತ್ತು. ಅದೇ ಜಾಗಾ ಹುಡುಕಿಕೊಂಡು ಬರಾಂವ ಮನಷ್ಯಾನೇ," ಎನ್ನುತ್ತಾರೆ ಧೀರೇಂದ್ರ ತಗ್ಗಿದ ದನಿಯಲ್ಲಿ. ಮಾತು ನನ್ನ ಜೊತೆ, ಕಣ್ಣು ಬಾಗಿಲಿನ ಕಡೆ. ಅಲ್ಲಿ ಕಾವಲುಗಾರ ಮಹಮ್ಮದ ತಮ್ಮ ಹಾಸಿಗೆ ಸುತ್ತಿ ಕಟ್ಟುತ್ತಿದ್ದಾರೆ. ಅವರೂ ಬಿಜ್ಜರಗಿಯವರು. ಕೀಲಿ ಇರುವುದು ಧೀರೇಂದ್ರ, ಮಹಮ್ಮದ ಇಬ್ಬರ ಹತ್ತಿರ ಮಾತ್ರ, ಹಾಗಾಗಿ ಕೆಲಸಕ್ಕೆ ಇಂದೇ ಕಡೆಯ ದಿನ ಎಂದು ಮಹಮ್ಮದರಿಗೆ ಧೀರೇಂದ್ರ ಹೇಳಿಬಿಟ್ಟಿದ್ದಾರೆ. ಕಾರಣವನ್ನು ಮುಖಕ್ಕೆ ಹೇಳಿಲ್ಲ. ಹೇಳದಿದ್ದರೂ ಊರಿಗೆಲ್ಲ ಗೊತ್ತಾಗಿದೆ.

"ನಾ ಏನ್ ಹೇಳ್ಲಿರಿ? ಹರದದ್ದು ನನ್ನ ಕಾವಲಿನ್ಯಾಗ," ಎನ್ನುತ್ತಾರೆ ಮಹಮ್ಮದ, ನನ್ನ ಮುಖ ನೋಡದೆ. ಮುಖ ನೋಡದವರ ಮೇಲೆ ಸಂಶಯಪಡುವುದು ನನ್ನ ಕೆಟ್ಟ ಚಾಳಿ. ಇವರೇ ಇರಬಹುದೇ ಎಂದುಕೊಂಡೇ ರೆಕ್ಕೆಯ ಹತ್ತಿರ ಮರಳುತ್ತೇನೆ.

ತೇಪೆ ಮುಗಿಯುತ್ತ ಬಂದಿದೆ. ರೆಕ್ಕೆ ಇಟ್ಟ ಸ್ಟ್ಯಾಂಡಿನ ಕಾಲು ಹಿಡಿದು ಇರುವೆಗಳ ಸಾಲೊಂದು ಮೇಲೇರುತ್ತಿದೆ. ಸಾಲು ನೇರವಾಗಿ ಹೋಗಿ ಇನ್ನೂ ಮುಚ್ಚದ ಸಂದಿಯೊಳಗೆ ನುಗ್ಗುತ್ತದೆ. ಬಟ್ಟೆ, ಕಟ್ಟಿಗೆ, ಬಣ್ಣ ಬಿಟ್ಟರೆ ಮತ್ತೇನೂ ಇಲ್ಲದ ಜಾಗದಲ್ಲಿ ಇರುವೆಗೇನು ಕೆಲಸ?

"ಯವ್ವಾ, ಒಳಗ ಏನರ ಸಿಹಿ ಐತೇನು?" ಎಂದು ಕೇಳುತ್ತೇನೆ.

"ಮತ್ತ? ರೊಟ್ಟಿ ಬೆಲ್ಲ ಇಟ್ಟೇನಲ್ರಿ," ಎನ್ನುತ್ತಾರೆ ಹನಮವ್ವ ತಲೆ ಎತ್ತದೆ.

ಕೌದಿ ಮುಗಿಯುವಾಗ ಒಳಗೊಂದು ತುಣುಕು ರೊಟ್ಟಿ, ಚೂರು ಬೆಲ್ಲ ಇಟ್ಟು ಹೊಲಿಯುವುದು ಅವರ ಅವ್ವ ಕಲಿಸಿದ ಪದ್ಧತಿ. "ಹಸದ ಕೌದಿ ಹೊಚ್ಕೊಂಡ್ರ ನಿದ್ದಿ ಹತ್ತಂಗಿಲ್ಲ ಅಂತಿದ್ಲು ನಮ್ಮವ್ವ. ನಾಕ ರೆಕ್ಕಿ ಕೂಡಿ ಒಂದ ಹೊದಿಕಿ ಅಲ್ಲೇನ್ರಿ? ಅದಕ್ಕ ಈ ಒಂದ ಕಡೆ ಇಟ್ಟೆ. ಹರದಾಗ ಬಿದ್ದ ಹೋಗಿರಬೇಕಂತ ಮತ್ತ ಇಟ್ಟು ಹೊಲದೆ."

"ಪ್ರತಿ ಸಲ?" ಇದು ಧೀರೇಂದ್ರರ ದನಿ. ಅವರು ಯಾವಾಗ ಬಂದು ನಿಂತರೋ ಗೊತ್ತಿಲ್ಲ.

"ಪ್ರತಿ ಸಲಾರಿ."

ಧೀರೇಂದ್ರ ಹೊಲಿಗೆ ಬಿಚ್ಚಿ ಟಾರ್ಚ್ ಬಿಡುತ್ತಾರೆ. ರೊಟ್ಟಿಯ ಪಕ್ಕದಲ್ಲೇ ಇಲಿಯ ಹಿಕ್ಕೆ. "ಅಂದ್ರ ಹರದಾಗೊಮ್ಮೆ ಇಲಿಗೆ ಹೊಸಾ ಊಟಾ ಬಡಿಸೀವಿ," ಎಂದು ಅಲ್ಲೇ ಬಣ್ಣದ ಡಬ್ಬದ ಮೇಲೆ ಕೂರುತ್ತಾರೆ ಧೀರೇಂದ್ರ. ನನಗೆ ನಗು ಉಕ್ಕಿ ಬರುತ್ತದೆ, ಹನಮವ್ವನ ಮುಖ ನೋಡಿ ಅಡಗುತ್ತದೆ. ಅವರು ರೆಕ್ಕೆಯನ್ನು ನೋಡುತ್ತಿಲ್ಲ, ಬಾಗಿಲನ್ನು ನೋಡುತ್ತಿದ್ದಾರೆ. ಸೂಜಿಯನ್ನು ನೆಲಕ್ಕಿಡುತ್ತಾರೆ.

"ಸಾಹೇಬ್ರ, ತಪ್ಪ ನಂದು. ಬೈಯೂದಿದ್ರ ನನಗ ಬೈರಿ. ಮಹಮ್ಮದಣ್ಣಗ ಹೋಗು ಅಂದಾವ್ರು ನೀವು, ಇರು ಅಂತ ನಿಮ್ಮ ಬಾಯಿಲೇ ಅನ್ರಿ. ಅಲ್ಲಿತನಕ ನಾ ಸೂಜಿ ಮುಟ್ಟಂಗಿಲ್ಲ."

"ಹೇಳ್ತೀನಿ ಹನಮವ್ವ. ಮದ್ಲ ಇದನ್ನ ಮುಗಸು, ವ್ಯಾಳ್ಯಾ ಇಲ್ಲ."

ಹನಮವ್ವ ಕೈಕಟ್ಟಿ ಕೂರುತ್ತಾರೆ. ಈ ಹೊಲಿಗೆಗೆ ಇನ್ನೊಂದು ಕೈ ಇಲ್ಲವೆಂದು ಇಬ್ಬರಿಗೂ ಗೊತ್ತು. ಧೀರೇಂದ್ರ ಎದ್ದು ಬಾಗಿಲಿಗೆ ಹೋಗುತ್ತಾರೆ. ಅವರು ಹೇಳುವುದು ನಮಗೆ ಕೇಳಿಸುತ್ತದೆ: "ಮಹಮ್ಮದ, ಹೋಗಬ್ಯಾಡ. ಇಲಿ ಕಡದದ್ದು. ನಿನ್ನ ಮ್ಯಾಲ ಸಂಶಯ ಪಟ್ಟದ್ದು ನಂದ ತಪ್ಪು."

ಮಹಮ್ಮದ ಹಾಸಿಗೆಯ ಗಂಟು ಬಿಚ್ಚುವುದಿಲ್ಲ. "ನೀವು ಹೇಳಿದ್ರಿ, ಆತ್ರಿ," ಎನ್ನುತ್ತಾರೆ. "ಊರಾಗ ಯಾರ ಹೇಳಾವ್ರು?"

ಹನಮವ್ವ ನನ್ನ ಕಡೆ ತಿರುಗುತ್ತಾರೆ. ಈ ಲೇಖನ ಅವರ ಬಗ್ಗೆ ಎಂದು ಅವರಿಗೆ ಮೊದಲೇ ಹೇಳಿದ್ದೆ.

"ನನ್ನ ಹೊಲಿಗಿ ಚಂದ ಐತಿ ಅಂತ ಬರೀದಿದ್ರೂ ನಡೀತೈತ್ರಿ. ರೆಕ್ಕಿ ಹರದದ್ದು ಹನಮವ್ವನ ರೊಟ್ಟಿಗೆ ಬಂದ ಇಲಿ, ಮಹಮ್ಮದಣ್ಣ ಕೈ ಹಚ್ಚಿಲ್ಲ ಅಂತ ಬರೀರಿ. ದಪ್ಪ ಅಕ್ಷರದಾಗ ಬರೀರಿ. ಬಿಜ್ಜರಗ್ಯಾಗ ಕನ್ನಡಕ ಇಲ್ಲದಾವ್ರೂ ಓದಬೇಕು."