ಕರಿಬಟ್ಟೆಯ ಮುಂದೆ ಕೂತವರು

ಗಾಜಿನ ಕಾರ್ಖಾನೆಯಲ್ಲಿ ಅವನದು ಪ್ಯಾಕಿಂಗ್ ಕೆಲಸ. ಒಳಗಿನ ಮರಳು ಕೋಣೆಯಲ್ಲಿ ಅವನ ಗೆಳೆಯರು ಗಾಳಿಯ ಪೈಪಿನಿಂದ ಮರಳು ಹೊಡೆದು ಗಾಜಿನ ಮೇಲೆ ಹೂಬಳ್ಳಿ ಕೊರೆಯುತ್ತಿದ್ದರು. ಇವನು ಅದಕ್ಕೆ ಕಾಗದ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದ. ದೊಡ್ಡವರ ಬಚ್ಚಲುಮನೆಗೆ ಹಾಕುವ ಗಾಜು ಅದು. ಒಳಗಿರುವವರು ಹೊರಗೆ ಕಾಣಬಾರದು ಅಂತಲೇ ಅದಕ್ಕೆ ಅಷ್ಟು ಬೇಡಿಕೆ. ಅದನ್ನು ಕೊರೆದವರಂತೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇವನ ಕಣ್ಣಿಗೆ ಮಾತ್ರ ಬಿದ್ದಿದ್ದರು. ಮನೆಯ ಮುಂಕೋಣೆಯಲ್ಲಿ ಕಿಟಕಿ ಮುಚ್ಚಿ, ಗೋಡೆಗೆ ಕರಿಬಟ್ಟೆ ಇಳಿಬಿಟ್ಟು, ತಗಡಿನ ಮುಚ್ಚಳ ಕಟ್ಟಿದ ಒಂದೇ ಒಂದು ದೀಪವನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೂಲಿನ ಮೇಲೆ ಗೆಳೆಯರನ್ನು ಕೂರಿಸಿ ಫೋಟೊ ತೆಗೆಯುವ ಹುಚ್ಚು ಇವನಿಗೆ. ಅರ್ಧ ಮುಖ ಬೆಳಕು, ಅರ್ಧ ಕತ್ತಲು. ಒಮ್ಮೆ ಮರಳು ಕೋಣೆಯ ಉದ್ದಣ್ಣ ಕೆಲಸದಿಂದ ನೇರವಾಗಿ ಬಂದು ಕೂತು ತಲೆ ಕೆರೆದುಕೊಂಡ. ಕೂದಲಿನಿಂದ ಎದ್ದ ಧೂಳು ದೀಪದ ಬೆಳಕಿಗೆ ಸಿಕ್ಕಿ, ಮೈಯಿಂದಲೇ ಬಿಳಿ ಹೊಗೆ ಏಳುತ್ತಿರುವಂತೆ ಕಂಡಿತು. ಆ ಫೋಟೊ ನೋಡಿದವರೆಲ್ಲ ಬಾಯಿ ಬಿಟ್ಟರು. ಅಲ್ಲಿಂದ ಮುಂದೆ ಮರಳು ಕೋಣೆಯವರಿಗೆಲ್ಲ ಇವನದು ಒಂದೇ ಅಪ್ಪಣೆ: ಮೈ ತೊಳೆದುಕೊಂಡು ಬರಬೇಡಿ, ಹಾಗೇ ಬನ್ನಿ.

ಮೊದಲು ಉದ್ದಣ್ಣ ಹೋದ. ಆಮೇಲೆ ಹರಟೆಮಲ್ಲ, ಅವನ ಹಿಂದೆ ಮೀಸೆಯವನು. ಮೂವರೂ ಮರಳು ಕೋಣೆಯವರು, ಆ ಸ್ಟೂಲಿನ ಮೇಲೆ ಕೂತವರು, ಕೆಮ್ಮಿ ಕೆಮ್ಮಿ ಕಡ್ಡಿಯಾಗಿ ಸತ್ತವರು. ಬೀಡಿ ಬಿಡಿ ಎಂದಿದ್ದರಂತೆ ಕಾರ್ಖಾನೆಯ ಡಾಕ್ಟರು. ಉದ್ದಣ್ಣ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಮೂಗಿಗೆ ಕಟ್ಟಿಕೊಳ್ಳಲು ಒಂದು ನೆಟ್ಟಗಿನ ಬಟ್ಟೆ ಕೊಡದವರಿಗೆ ಸತ್ತವನ ಚಟ ಹುಡುಕಲು ಮಾತ್ರ ಪುರುಸೊತ್ತಿತ್ತು.

ಬೀದಿಯಲ್ಲಿ ಬೇರೆಯೇ ಮಾತು ಹಬ್ಬಿತು. ಆ ದೀಪ ಉಸಿರು ಹೀರುತ್ತದೆ, ಫೋಟೊದಲ್ಲಿ ಕಾಣುವುದು ಹೊಗೆಯಲ್ಲ, ಹೊರಡುತ್ತಿರುವ ಜೀವ ಎಂದು. ತನ್ನ ಮನೆಯ ಗೋಡೆಯ ಮೇಲಿನ ಗಂಡನ ಫೋಟೊದಲ್ಲಿ ಹೊಗೆ ದಿನಾ ಒಂದಿಷ್ಟು ಮೇಲೇರುತ್ತಿದೆ ಎಂದು ಉದ್ದಣ್ಣನ ಹೆಂಡತಿ ಅದನ್ನು ಗೋಡೆಯ ಕಡೆ ಮುಖ ಮಾಡಿ ತೂಗುಹಾಕಿದ್ದಳು. ಇವನು ಹೋಗಿ ತಿರುಗಿಸಿ ನೋಡಿದ. ಭುಜದ ಬಳಿ ಇದ್ದ ಬಿಳುಪು ಹುಬ್ಬಿನ ತನಕ ಬಂದಂತೆ ಅವನಿಗೂ ಕಂಡಿತು. ಬೆವರೊರೆಸಿಕೊಂಡು ಮತ್ತೆ ತಿರುವಿಟ್ಟು ಬಂದ.

ಇವನ ಹೆಂಡತಿ ಪಟ್ಟು ಹಿಡಿದಳು. "ಆ ದೀಪ ನೀವು ಎಸೀರಿ, ಇಲ್ಲಾಂದ್ರೆ ನಾನೇ ಒಡೀತೀನಿ." ಅವಳ ಒಬ್ಬನೇ ತಮ್ಮ, ಗುಬ್ಬಿ ಎಂದು ಎಲ್ಲರೂ ಕರೆಯುವವನು, ಅದೇ ಮನೆಯಲ್ಲಿದ್ದ, ಅದೇ ಮರಳು ಕೋಣೆಯಲ್ಲಿ ದುಡಿಯುತ್ತಿದ್ದ. ಆ ಸ್ಟೂಲಿನ ಮೇಲೆ ಕೂರುವುದಿಲ್ಲವೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದಳು.

ಇವನು ಇದ್ದಬದ್ದ ಫೋಟೊಗಳನ್ನೆಲ್ಲ ನೆಲದ ಮೇಲೆ ಹರವಿದ. ಕ್ಷೌರಿಕ, ದರ್ಜಿ, ಬಸ್ ಕಂಡಕ್ಟರ್, ಇವರ ಹಿಂದಿನ ಕಪ್ಪು ಕಾಡಿಗೆಯಂಥ ಕಪ್ಪು. ಮೂವರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಹೊಗೆ ಇದ್ದದ್ದು ಮರಳು ಕೋಣೆಯವರ ಸುತ್ತ ಮಾತ್ರ. ದೀಪಕ್ಕೂ ರುಚಿಭೇದ ಇರುತ್ತದೆಯೇ?

ಒಂದು ಮಧ್ಯಾಹ್ನ ಅಕ್ಕ ನೀರಿಗೆ ಹೋದದ್ದನ್ನು ನೋಡಿಕೊಂಡು ಗುಬ್ಬಿ ಆಣೆ ಮುರಿದ. ಮಿಂದು, ಒಗೆದ ಅಂಗಿ ತೊಟ್ಟು, ತಾನಾಗಿಯೇ ಬಂದು ಸ್ಟೂಲಿನ ಮೇಲೆ ಕೂತ.

"ನಂದೊಂದು ತೆಗೀರಿ ಭಾವ. ಚರ್ಮ ಕಿತ್ತು ಬರೋ ಹಾಗೆ ಉಜ್ಜಿದೀನಿ, ಧೂಳಿನ ಮಾತೇ ಇಲ್ಲ. ನಿಮ್ಮ ದೀಪದ್ದೇನೂ ತಪ್ಪಿಲ್ಲ ಅಂತ ಅಕ್ಕಂಗೆ ತೋರಿಸಿಬಿಟ್ಟು ಪಾಳಿಗೆ ಹೋಗ್ತೀನಿ."

ದೀಪ ಹೊತ್ತಿತು. ಹಿಂದೆ ಬರೀ ಕಪ್ಪು. ಇವನ ಎದೆ ಹಗುರಾಯಿತು. ಸ್ಟೂಲು ಮುರಿಯಬೇಡ ಕಣೋ ಎಂದು ಕಡ್ಡಿಯಂತಿದ್ದ ಭಾವಮೈದನನ್ನು ಛೇಡಿಸಿದ. ಗುಬ್ಬಿ ನಕ್ಕ. ನಗು ಕೆಮ್ಮಾಯಿತು. ಆಗ ಅವನ ಬಾಯಿಂದ ತೆಳ್ಳಗೆ, ಬೆಳ್ಳಗೆ ಏನೋ ಹೊರಟಿತು. ಅದು ಕೆಳಗೆ ಬೀಳಲಿಲ್ಲ. ಗಾಜಿನ ಮೇಲಿನ ಬಳ್ಳಿಯ ಹಾಗೆ ಸುರುಳಿ ಸುತ್ತುತ್ತ, ಭುಜ ಬಳಸಿ ಹಿಂದಕ್ಕೆ ಹೋಯಿತು. ಮುಂದಿನ ಉಸಿರಿಗೆ ಮತ್ತೊಂದು ಎಳೆ. ಅಷ್ಟರಲ್ಲಿ ಇವನು ಫೋಟೊ ತೆಗೆದಾಗಿತ್ತು.

ಕ್ಯಾಮೆರಾದ ಪರದೆಯಲ್ಲಿ ತನ್ನನ್ನೇ ನೋಡಿಕೊಂಡ ಗುಬ್ಬಿ ಮೆಲ್ಲಗೆ ಹೇಳಿದ: "ಅಳಿಸಿಬಿಡಿ ಭಾವ. ಅಕ್ಕ ನೋಡಿದ್ರೆ ಕೆಲಸಕ್ಕೆ ಬಿಡಲ್ಲ."

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಿಲ್ಲ. ಹೊಸಿಲ ಬಳಿ ಕೊಡ ಇಳಿಸುತ್ತಿದ್ದ ಹೆಂಡತಿಯನ್ನು ಕೂಗಿದ. ಅವಳು ಬಂದವಳೇ ದೀಪದ ಕಂಬಕ್ಕೆ ಕೈ ಹಾಕಿದಳು. ಒಡಿ, ಆದರೆ ಮೊದಲು ನೋಡು ಎಂದ. ಗುಬ್ಬಿಗೆ ಉಸಿರು ಬಿಡಲು ಹೇಳಿದ.

ಆ ಬಿಳಿ ಎಳೆಗೆ ಅವಳು ಅಂಗೈ ಅಡ್ಡ ಹಿಡಿದಳು. ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದಳು. ಒರಟಾಗಿ ತಾಕಿತು.

"ಮರಳು," ಎಂದಳು. ನೆಲದ ಮೇಲೆ ಇನ್ನೂ ಹರವಿಕೊಂಡಿದ್ದ ಫೋಟೊಗಳನ್ನು ನೋಡಿದಳು, ಗಂಡನ ಮುಖ ನೋಡಿದಳು. "ಇದನ್ನ ಚೆಂದ ಅಂತ ತೆಗೀತಿದ್ರಾ?"



ಅಷ್ಟರಲ್ಲಿ ಮಧ್ಯಾಹ್ನದ ಪಾಳಿಯವರು ಬಾಗಿಲ ಬಳಿ ಬಂದು ಎಂದಿನಂತೆ ಕರೆದರು. "ಗುಬ್ಬೀ, ಹೊತ್ತಾಯ್ತು ಬಾರೋ."

ರೂಢಿಬಲದಿಂದ ಗುಬ್ಬಿ ಅರ್ಧ ಎದ್ದ. ಅಕ್ಕ ಅವನ ಭುಜ ಒತ್ತಿ ಕೂರಿಸಿ, ಹೋಗಿ ಬಾಗಿಲಿಗೆ ಚಿಲಕ ಹಾಕಿದಳು. ಹೊರಗಿನವರು ಹೋಗಲಿಲ್ಲ. ಯಾರೋ ಕೆಮ್ಮಿದರು, ಉದ್ದಕ್ಕೆ, ಒಣಗಿದ ಕೆಮ್ಮು, ಥೇಟ್ ಉದ್ದಣ್ಣನದು. ಒಳಗೆ ಮೂವರಿಗೂ ಅದು ಕೇಳಿಸಿತು. ಗುಬ್ಬಿ ತುಟಿ ಬಿಗಿದುಕೊಂಡು, ಬಿಟ್ಟರೆ ಎಲ್ಲಿ ಬಿಳಿ ಎಳೆ ಕಾಣುತ್ತದೋ ಎಂಬಂತೆ ಉಸಿರು ಹಿಡಿದು ಕೂತ. ಅಕ್ಕ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.