ಬಾರ್ಬ್ರೆ ಆರಿಸಿಕೊಂಡ ಪದ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಐರಿಷ್ ಮನೆಮಾತಾಗಿರುವ ಕಾನಮಾರದ ಬಾರ್ಬ್ರೆ ಹದಿಮೂರಕ್ಕೇ ಶಾಲೆ ಬಿಟ್ಟವಳು. ಬೇಸಿಗೆಯಲ್ಲಿ ಐರಿಷ್ ಕಲಿಯಲು ಬರುವ ಪಟ್ಟಣದ ಮಕ್ಕಳನ್ನು ಮೂವತ್ತು ವರ್ಷ ಮನೆಯಲ್ಲಿಟ್ಟುಕೊಂಡು, ಉಣಿಸಿ, ಗದರಿಸಿ, ಅವರ ನಾಲಿಗೆ ತಿರುಗಿಸಿದ್ದಳು. ಆದರೂ ತನ್ನದು ಬರೀ ಅಡುಗೆಮನೆಯ ಐರಿಷ್, ಸರಿಯಾದದ್ದು ಪುಸ್ತಕದಲ್ಲಿದೆ ಎಂದು ನಂಬಿದ್ದಳು. ಆ ಕಡೆಯ ಅರ್ಧ ಜನರ ನಂಬಿಕೆಯೂ ಅದೇ.

ಅರವತ್ತೊಂದಕ್ಕೆ ಸಂಜೆ ಕಾಲೇಜು ಸೇರಿದಳು. ಸರ್ಟಿಫಿಕೇಟ್ ಬೇಕೆಂದರೆ ಕೊನೆಗೆ ಒಂದು ಪದದ ಅರ್ಥ, ಮೂಲ ಕುರಿತು ಹತ್ತು ನಿಮಿಷ ಮಾತಾಡಬೇಕು. ಅವಳು 'ಸ್ಟಡೇರ್' ಆರಿಸಿಕೊಂಡಳು. ಹಾಗೆಂದರೆ ಓದು, ಅಧ್ಯಯನ. ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಬೇರೆ ಯಾವ ಪದವೂ ಹಿಡಿಸಲಿಲ್ಲ. ಪುಸ್ತಕಗಳಿಂದ ಎರಡು ಪುಟ ಇಳಿಸಿಕೊಂಡು ಬಾಯಿಪಾಠ ಮಾಡಿದಳು.

ಆಲೂಗಡ್ಡೆ ಸುಲಿಯುತ್ತಲೇ ಕೇಳಿಸಿಕೊಂಡ ಗಂಡ ಫೆಸ್ಟಿ, "ಪಾದ್ರಿ ಉಪದೇಶ ಮಾಡಿದ ಹಾಗಿದೆ ಕಣೇ. ಒಂದು ಮಾತೂ ನಿಂದಲ್ಲ," ಅಂದ.

"ನನ್ನ ಮಾತಲ್ಲಿ ಹೇಳಿದ್ರೆ ಯಾರು ಪಾಸ್ ಮಾಡ್ತಾರೆ? ನೀನು ಸಿಪ್ಪೆ ತೆಳ್ಳಗೆ ಸುಲಿ."

ಪರೀಕ್ಷಕನಾಗಿ ಡಬ್ಲಿನ್ನಿನಿಂದ ಫೀಕ್ರ ಎಂಬ ತರುಣ ಬಂದಿದ್ದ. ಲ್ಯಾಟಿನ್ನಿನಲ್ಲಿ ಉತ್ಸಾಹ, ಹಂಬಲ ಎಂಬರ್ಥದ ಪದವೊಂದು ಫ್ರೆಂಚರ ಬಾಯಿ ಹಾದು ಐರಿಷ್‌ಗೆ ಬಂತು ಎನ್ನುವವರೆಗೆ ಬಾರ್ಬ್ರೆಯ ಬಂಡಿ ಓಡಿತು. ಆಮೇಲೆ ಎಲ್ಲ ಮರೆತುಹೋಯಿತು. ಕೈಚೀಲ ಎತ್ತಿಕೊಂಡು ಮನೆಗೆ ಹೊರಟೇಬಿಡುತ್ತಿದ್ದಳು; ಅಷ್ಟರಲ್ಲಿ ಅವನು, ನಿಮ್ಮ ಮನೆಯಲ್ಲಿ ಆ ಪದವನ್ನು ಹೇಗೆ ಬಳಸುತ್ತೀರಿ ಎಂದು ಕೇಳಿದ.

"ನಾವು ತಪ್ಪಾಗಿ ಹೇಳ್ತೀವಿ."

"ತಪ್ಪೇ ಹೇಳಿ, ಕೇಳೋಣ."

ಅವಳು ಅಪ್ಪನ ಕಲ್ಲುಗೋಡೆಯ ಕಥೆ ತೆಗೆದಳು. ಅಪ್ಪ ಕಲ್ಲು ಎತ್ತಿದರೆ ಕೂಡಲೇ ಇಡುತ್ತಿರಲಿಲ್ಲ. ತಿರುಗಿಸಿ, ಸಂದು ನೋಡಿ, ಮತ್ತೆ ತಿರುಗಿಸಿ ಇಡುತ್ತಿದ್ದ. ಅವನಿಗೆ ಸ್ಟಡೇರ್ ಇದೆ ಎಂದು ಊರೇ ಅನ್ನುತ್ತಿತ್ತು. ಚಿಕ್ಕಪ್ಪನಿಗೆ ಅದಿರಲಿಲ್ಲ. "ಅವ್ನು ಸೋಮವಾರ ಕಟ್ಟಿದ ಗೋಡೇನ ತೂರ್ಕೊಂಡು ಮಂಗಳವಾರ ಕತ್ತೆ ಹೋಯ್ತು."

ಕೇಳುತ್ತ ಕೂತಿದ್ದ ತರಗತಿಯೆಲ್ಲ ನಕ್ಕಿತು. ಫೀಕ್ರ ಪೆನ್ನು ತೆಗೆದ. "ತಪ್ಪಲ್ಲ, ಬಾರ್ಬ್ರೆ. ನಿಂತು ಯೋಚಿಸೋ ಗುಣ ಅಂತ ನಿಘಂಟಲ್ಲೇ ಇದೆ. ಆದ್ರೆ ನಾನದನ್ನ ಓದಿದ್ದೆ ಅಷ್ಟೆ, ಬಾಯಲ್ಲಿ ಕೇಳಿದ್ದು ಇವತ್ತೇ."

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಪಾಸಾದಿರಿ ಎಂದು ಅವನು ಅಲ್ಲೇ ಹೇಳಿದ. ಬಾರ್ಬ್ರೆ ಏಳಲಿಲ್ಲ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲಿ, ಏನು ಬರ್ಕೊಂಡೆ ಓದು ನೋಡೋಣ, ಮಗಾ."