ಪಾದೆಯ ಮೇಲೆ ಕೇಳಿದ ಕೂ

ದೂರದಿಂದ ಪ್ರಾಣ ಕರೆಯುತ್ತದೆ, ರಕ್ತಕ್ಕೆ ಮೊದಲೇ ತಿಳಿಯುತ್ತದೆ ಎಂದೆಲ್ಲ ಹೇಳುವವರನ್ನು ನಾನು ಮುಖದೆದುರೇ ಗೇಲಿ ಮಾಡಿದವನು. ಈಗ ನೀವು ನನ್ನನ್ನು ಗೇಲಿ ಮಾಡಿದರೆ ಬೇಸರವಿಲ್ಲ. ಕೊನೆಯವರೆಗೆ ಓದಿ ಮಾಡಿ, ಅಷ್ಟೆ.

ನನ್ನ ತಂದೆ ಮೂರ್ತೆ ಕೆಲಸದವರು. ಮರ ಹತ್ತಿ ಕಳ್ಳು ಇಳಿಸುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ಅವರ ಕಟ್ಟುನಿಟ್ಟು. ಹೆಸರು ಕೇಳಿದರೆ ಮನುಷ್ಯ ತಿರುಗಿ ನೋಡುತ್ತಾನೆ, ಕೈ ತಪ್ಪುತ್ತದೆ. ಅದಕ್ಕೆ ಕೆಳಗಿನಿಂದ ಕೂ ಹಾಕುವುದು. ನಮ್ಮ ಮನೆಯದು ಎರಡು ಗಿಡ್ಡ, ಒಂದು ಉದ್ದ. ಇಳಿದು ಬಾ, ಮನೆಯಲ್ಲಿ ನೀನು ಬೇಕು ಎಂದು ಅರ್ಥ. ಮೇಲಿದ್ದವನು ಒಂದು ಕೂ ತಿರುಗಿ ಹಾಕಲೇಬೇಕು. ಅಮ್ಮ ಅಪ್ಪನನ್ನು ಹೀಗೆ ಇಳಿಸುತ್ತಿದ್ದಳು, ಗುಡ್ಡೆಯ ಪಾದೆಗಳನ್ನು, ಆ ಬೋಳು ಹೆಬ್ಬಂಡೆಗಳನ್ನು, ಹತ್ತುತ್ತಿದ್ದ ನನ್ನನ್ನು ಅಪ್ಪ.

ಆ ಪಾದೆಯ ಹುಚ್ಚು ದೊಡ್ಡವನಾದರೂ ಬಿಡಲಿಲ್ಲ. ಮಂಗಳೂರಿನಲ್ಲಿ ಕೆಲಸ, ವಾರವಿಡೀ ಕುರ್ಚಿ. ಸಿಗುವ ಎರಡು ರಜೆಯಲ್ಲಿ ಹೆಂಡತಿಯ ಮನೆ, ನೆಂಟರ ಗೃಹಪ್ರವೇಶ, ಅಪ್ಪನ ಚಾಕರಿ. ಉಳಿದ ಸಂದಿಯಲ್ಲಿ ನನ್ನ ಬಂಡೆ. ಆ ಸಂದಿ ಹುಡುಕುವುದನ್ನು ನಾನು ಜಾಣತನ ಎಂದೇ ತಿಳಿದಿದ್ದೆ.

ಅಪ್ಪ ಇದ್ದದ್ದು ವಾಮದಪದವಿನ ಅಕ್ಕನ ಮನೆಯಲ್ಲಿ. ಗಂಟಲಿನ ಆಪರೇಷನ್ ಆಗಿ ಅವರ ಸ್ವರ ಹೋಗಿ ಒಂದು ವರ್ಷವಾಗಿತ್ತು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ನಳಿಗೆ. ಕಫ ಕಟ್ಟಿದರೆ ಕೂಡಲೇ ತೆಗೆದು ತೊಳೆಯಬೇಕು. ಅದು ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. ಆ ಭಾನುವಾರ ಮೂಡಬಿದ್ರೆಯಲ್ಲಿ ಭಾವನ ಕಡೆಯ ನಿಶ್ಚಿತಾರ್ಥ. ಹೊರಡುವಾಗ ಅಕ್ಕ ಹೇಳಿದಳು, “ನೀನು ಇದ್ದಿ ಅಲ್ವಾ, ಅದಕ್ಕೇ ಧೈರ್ಯದಲ್ಲಿ ಹೋಗ್ತೇನೆ.”

ಅವರ ಕಾರು ತಿರುವು ದಾಟಿದ್ದೇ ತಡ, ಪಕ್ಕದ ಮನೆಯ ಕಮಲಕ್ಕನನ್ನು ಅಪ್ಪನ ಬಳಿ ಕೂರಿಸಿದೆ. ಹನ್ನೊಂದೂವರೆಗೆ ಬರ್ತೇನೆ ಎಂದು ಬೈಕ್ ಹತ್ತಿದೆ. ಜಗಲಿಯಲ್ಲಿ ಕುಳಿತ ಅಪ್ಪ ನನ್ನ ಹಗ್ಗದ ಚೀಲವನ್ನು ನೋಡಿದರು.

ನಾರಾವಿಯ ಕಡೆಯ ಆ ಪಾದೆ ಎರಡು ಸಲ ನನ್ನನ್ನು ಅರ್ಧದಿಂದ ಕೆಳಗೆ ಕಳಿಸಿತ್ತು. ನನ್ನ ಹಳೆಯ ಜೊತೆಗಾರ ಶರೀಫ್ ಬುಡದಲ್ಲಿ ನಿಂತು ಹಗ್ಗ ಹಿಡಿದ. ಆ ದಿನ ಎಲ್ಲ ಕೂಡಿ ಬಂತು. ಇನ್ನು ಇಪ್ಪತ್ತು ಅಡಿ ಎನ್ನುವಾಗ ಕೇಳಿತು, ಎರಡು ಗಿಡ್ಡ, ಒಂದು ಉದ್ದ. ಕೆಳಗಿನಿಂದ, ಅಪ್ಪನ ಹಳೆಯ ಸ್ವರದಲ್ಲಿ.

ಸೊಪ್ಪು ಕಡಿಯಲು ಬಂದವರು ಯಾರೋ ಇರಬೇಕು ಎಂದುಕೊಂಡೆ. ಸುಳ್ಳು. ನನಗೆ ಗುರುತು ಹತ್ತಿತ್ತು. ಆದರೆ ಈಗ ಇಳಿದರೆ ಇನ್ನೊಂದು ಭಾನುವಾರ ಎಂದು ಸಿಗುವುದೋ! ಓಗೊಡದೆ ಹತ್ತಿದೆ. ತುದಿಯಲ್ಲಿ ಕುಳಿತು ವಾಚು ನೋಡಿದಾಗ ಒಂಬತ್ತು ಮುಕ್ಕಾಲು. ಗಾಳಿ ಚೆನ್ನಾಗಿತ್ತು, ಇನ್ನೂ ಸ್ವಲ್ಪ ಹೊತ್ತು ಕುಳಿತೆ.

ಇಳಿದ ಮೇಲೆ ಶರೀಫ್ ಕೇಳಿದ, “ಮೇಲೆ ಯಾರಿದ್ದದ್ದು ಮಾರಾಯ? ಕೂ ಹಾಕಿದ್ರಲ್ಲ.”

“ಮೇಲೆ ಯಾರೂ ಇಲ್ಲ. ಕೆಳಗಿಂದ ಅಲ್ವಾ ಬಂದದ್ದು?”

“ಕೆಳಗೆ ನಾನೊಬ್ಬನೇ ಇದ್ದದ್ದು. ನನಗೆ ಮೇಲಿಂದ ಕೇಳಿತು.”

ಮನೆ ಮುಟ್ಟುವಾಗ ಹನ್ನೊಂದೂಕಾಲು. ಹೇಳಿದ ಹೊತ್ತಿಗಿಂತ ಮೊದಲೇ ಬಂದೆನಲ್ಲ ಎಂಬ ಸಮಾಧಾನದಲ್ಲಿದ್ದೆ. ಅಂಗಳದಲ್ಲಿ ಜನ ಸೇರಿದ್ದರು. ನಳಿಗೆ ಕಟ್ಟಿ ಅಪ್ಪನ ಪ್ರಾಣ ಹೋಗಿತ್ತು.

“ಹತ್ತೂವರೆವರೆಗೆ ಸರಿ ಇದ್ದರು,” ಎಂದು ಕಮಲಕ್ಕ ಅತ್ತಳು. “ಒಂಬತ್ತೂವರೆಗೆ ಎರಡೂ ಕೈ ಬಾಯಿಗೆ ಹಿಡಿದು ಗುಡ್ಡೆ ಕಡೆ ನೋಡ್ತಾ ಇದ್ದರು. ನೀರು ಬೇಕಾ ಅಂತ ಕೇಳಿದೆ, ಬೇಡ ಅಂತ ತಲೆ ಅಲ್ಲಾಡಿಸಿದರು. ಮತ್ತೆ ಉಸಿರು ಕಟ್ಟುವಾಗ ನಿಮಗೆ ಫೋನ್ ಮಾಡಿದೆ, ಹೋಗ್ಲೇ ಇಲ್ಲ. ಆ ನಳಿಗೆ ಮುಟ್ಲಿಕ್ಕೆ ನನಗೆ ಗೊತ್ತಿಲ್ಲ ತಮ್ಮಾ.”

ಕೂ ಕೇಳಿದಾಗಲೇ ಇಳಿದಿದ್ದರೆ ಹತ್ತೂವರೆಯೊಳಗೆ ನಾನು ಆ ಜಗಲಿಯಲ್ಲಿರುತ್ತಿದ್ದೆ. ಅಕ್ಕನಿಗೆ ಎಲ್ಲವನ್ನೂ ಹೇಳಿದೆ. “ಅಪ್ಪನಿಗೆ ಸ್ವರ ಎಲ್ಲಿತ್ತು?” ಎಂದಷ್ಟೇ ಕೇಳಿದಳು. ಆಮೇಲೆ ಅವಳು ನನ್ನ ಮುಖ ನೋಡಿ ಮಾತಾಡಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರಿಗೆ ಎಲೆ ಬಡಿಸಿ, ಬಾಗಿಲೆಳೆದು, ಉಣ್ಣಲು ಬನ್ನಿ ಎಂದು ಮಗ ಹೊರಗಿನಿಂದ ಕರೆಯುವುದು ನಮ್ಮ ಮನೆಯ ಕ್ರಮ. ಆ ಮಾತಿನ ಬದಲು ನಾನು ಎರಡು ಗಿಡ್ಡ, ಒಂದು ಉದ್ದ ಕೂ ಹಾಕಿದೆ. ನೆಂಟರು ಮುಖ ಮುಖ ನೋಡಿಕೊಂಡರು. ನಾನು ಬಾಗಿಲಿಗೆ ಕಿವಿಯಿಟ್ಟು ಕಾದೆ. ಒಳಗಿನಿಂದ ತಿರುಗಿ ಏನೂ ಬರಲಿಲ್ಲ.

ಸ್ವರವಿಲ್ಲದ ಮನುಷ್ಯನ ಕೂ ಅಷ್ಟು ದೂರ ಹೇಗೆ ಬಂತು, ನನಗೆ ಕೆಳಗಿನಿಂದಲೂ ಶರೀಫನಿಗೆ ಮೇಲಿನಿಂದಲೂ ಏಕೆ ಕೇಳಿತು, ನನಗೆ ಇಂದಿಗೂ ತಿಳಿಯದು. ಹಗ್ಗದ ಚೀಲವನ್ನು ಮತ್ತೆ ಬಿಚ್ಚಿಲ್ಲ. ಇನ್ನು ನೀವು ಗೇಲಿ ಮಾಡಬಹುದು. ಅದೆಲ್ಲ ಭ್ರಮೆ ಎಂದು ನನ್ನನ್ನು ನಂಬಿಸುವವರು ಸಿಕ್ಕಿದರೆ ಕಾಲು ಹಿಡಿಯುತ್ತೇನೆ. ಭ್ರಮೆಯೇ ಆಗಿದ್ದರೆ, ಅಪ್ಪ ನನ್ನನ್ನು ಕರೆಯಲೇ ಇಲ್ಲ ಎಂದಾಗುತ್ತದೆ.